ಜಿಪ್ಸಂ ಬೋರ್ಡ್ ಸೀಲಿಂಗ್: ಪೇಂಟ್‌ಗೆ ಮುಂಚೆ ಏನೇನು ಆಗಬೇಕು?

ಪ್ರಶ್ನೆ: ಹುಬ್ಬಳ್ಳಿಯಿಂದ. 12×16 ಅಡಿ ಹಾಲ್‌ಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಕೂರಿಸಿ ಆಗಿದೆ. ಸುತ್ತ ಕೋವ್ ಲೈಟ್ (ಸೀಲಿಂಗ್ ಅಂಚಿನಲ್ಲಿ ಮರೆಯಾಗಿ ಕೂರಿಸೋ ಲೈಟ್) ಬರುತ್ತೆ. ಪೇಂಟರ್ ಟೇಪ್ ಬೇಡ, ಗೋಡೆಗೆ ಹಚ್ಚೋ ಸಿಮೆಂಟ್ ಪುಟ್ಟಿನೇ ಎರಡು ಕೋಟ್ ಎಳೀತೀನಿ ಅಂತಾರೆ. ಒಪ್ಪಬಹುದಾ ಸರ್?

ಉತ್ತರ: ದಯವಿಟ್ಟು ಒಪ್ಪಬೇಡಿ. ಬೋರ್ಡ್ ಕೂತಿರೋದು ತಗಡಿನ ಫ್ರೇಮ್ ಮೇಲೆ, ಅದು ಸ್ವಲ್ಪವಾದರೂ ಅಲುಗುತ್ತೆ. ಸಿಮೆಂಟ್ ಪುಟ್ಟಿಗೆ ಆ ಅಲುಗಾಟ ತಡೆಯೋ ಶಕ್ತಿ ಇಲ್ಲ. ಟೇಪ್ ಇಲ್ಲದಿದ್ದರೆ ಎರಡು ಬೋರ್ಡ್ ಸೇರೋ ಜಾಯಿಂಟ್ ಉದ್ದಕ್ಕೂ ಗೆರೆ ಎಳೆದ ಹಾಗೆ ಬಿರುಕು ಬರುತ್ತೆ. ಬೇಕಾಗಿರೋದು ಜಾಯಿಂಟಿಂಗ್ ಕಾಂಪೌಂಡ್ (ಬೋರ್ಡ್ ಸಂದು ತುಂಬೋಕೆ ಬಳಸೋ ಪೇಸ್ಟ್) ಮತ್ತು ಪೇಪರ್ ಟೇಪ್.

ಮೊದಲು ಸ್ಕ್ರೂ ನೋಡಿ. ಪುಟ್ಟಿ ಬ್ಲೇಡನ್ನ ಬೋರ್ಡ್ ಮೇಲೆ ಅಡ್ಡಡ್ಡ ಎಳೆಯಿರಿ. ಎಲ್ಲಿ ಟಿಕ್ ಅಂತ ತಗಲುತ್ತೋ ಅಲ್ಲಿ ಸ್ಕ್ರೂ ತಲೆ ಮೇಲಿದೆ. ಸ್ವಲ್ಪ ಒಳಗಿಳಿಸಿ, ಆದರೆ ಬೋರ್ಡ್ ಮೇಲಿನ ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂಗೆ ಹಿಡಿತವಿಲ್ಲ, ಎರಡು ಇಂಚು ಪಕ್ಕದಲ್ಲಿ ಇನ್ನೊಂದು ಹಾಕಿಸಿ.

ಆಮೇಲೆ ಜಾಯಿಂಟ್‌ಗೆ ಕಾಂಪೌಂಡ್ ತುಂಬಿ, ಹಸಿ ಇರುವಾಗಲೇ ಟೇಪ್ ಒತ್ತಿ. ಟೇಪ್ ಅಡಿಯಲ್ಲಿ ಎಲ್ಲಾ ಕಡೆ ಕಾಂಪೌಂಡ್ ಇರಬೇಕು, ಒಣಜಾಗ ಉಳಿದರೆ ಅಲ್ಲೇ ಗುಳ್ಳೆ. ಒಣಗಿದ ಮೇಲೆ ಎರಡನೇ ಕೋಟ್ 8 ಇಂಚು ಅಗಲ, ಮೂರನೇದು 12 ಇಂಚು, ಅಂಚು ಸವರಿ ತೆಳುವಾಗಿಸಿ ಬೋರ್ಡ್‌ಗೆ ಸಮ ಮಾಡಿ. ಬೋರ್ಡ್‌ನ ಉದ್ದದ ಅಂಚು ತಗ್ಗಾಗಿರುತ್ತೆ, ಟೇಪ್ ಅದರಲ್ಲಿ ಕೂರುತ್ತೆ. ಕತ್ತರಿಸಿದ ಅಂಚಿಗೆ ಆ ತಗ್ಗಿಲ್ಲ. ಅಲ್ಲಿ ಮೊದಲೇ ಕಟರ್‌ನಿಂದ ಓರೆಯಾಗಿ ಕೆತ್ತಿ, ಕಾಂಪೌಂಡ್ 16 ಇಂಚಿನವರೆಗೂ ಹರಡಿ, ಇಲ್ಲದಿದ್ದರೆ ಉಬ್ಬು ಖಂಡಿತ.

ನಿಮ್ಮ 192 ಚದರಡಿಗೆ 10 ಕೆಜಿ ಕಾಂಪೌಂಡ್, 2 ಲೀಟರ್ ಪ್ರೈಮರ್ (ಪೇಂಟ್‌ಗೆ ಮುಂಚೆ ಹಚ್ಚೋ ತಳದ ಕೋಟ್) ಹತ್ತಿರಹತ್ತಿರ ಸಾಕಾಗುತ್ತೆ.

ಪ್ರಶ್ನೆ: ನಮ್ಮಲ್ಲಿ ಟೇಪ್ ಎಲ್ಲಾ ಹಾಕಿದ್ದಾರೆ. ಆದರೂ ಲೈಟ್ ಹಾಕಿದ್ರೆ ಪಟ್ಟೆಪಟ್ಟೆಯಾಗಿ ಕಾಣುತ್ತೆ. ಹಗಲು ಅಷ್ಟಾಗಿ ಗೊತ್ತಾಗಲ್ಲ.

ಉತ್ತರ: ಎರಡು ಕಾರಣ ಇರಬಹುದು. ಕಾಗದ ಮತ್ತು ಕಾಂಪೌಂಡ್ ಪೇಂಟನ್ನ ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ, ಪ್ರೈಮರ್ ಬಿಟ್ಟಿದ್ದರೆ ಜಾಯಿಂಟ್ ಮೇಲೆ ಹೊಳಪೇ ಬೇರೆಯಾಗುತ್ತೆ. ಅಥವಾ ಮಟ್ಟ ಸರಿಯಿಲ್ಲ. ಕೋವ್ ಬೆಳಕು ಸೀಲಿಂಗ್‌ಗೆ ಸವರಿಕೊಂಡು ಹೋಗೋದರಿಂದ ಸಣ್ಣ ಉಬ್ಬಿಗೂ ನೆರಳು ಬೀಳುತ್ತೆ. ಕತ್ತಲಲ್ಲಿ ಟಾರ್ಚನ್ನ ಸೀಲಿಂಗ್‌ಗೆ ಒತ್ತಿ ಹಿಡಿದು ನೋಡಿ. ನೆರಳು ಬಿದ್ದರೆ ಮಟ್ಟದ ದೋಷ: 150 ನಂಬರ್‌ನ ಎಮರಿ ಪೇಪರ್‌ನಲ್ಲಿ ಉಜ್ಜಿ, ಅಗಲವಾಗಿ ಇನ್ನೊಂದು ತೆಳು ಕೋಟ್ ಎಳೆದು, ಇನ್ನೂ ನಯವಾದ 220 ನಂಬರ್‌ನಲ್ಲಿ ಮುಗಿಸಿ. ನೆರಳಿಲ್ಲದೆ ಬರೀ ಹೊಳಪಿನ ಪಟ್ಟೆಯಾದರೆ ಸಣ್ಣಗೆ ಉಜ್ಜಿ, ಪೂರ್ತಿ ಸೀಲಿಂಗ್‌ಗೆ ವಾಟರ್ ಬೇಸ್ ಪ್ರೈಮರ್ ಒಂದು ಕೋಟ್, ಮೇಲೆ ಎಮಲ್ಷನ್ ಪೇಂಟ್ ಎರಡು ಕೋಟ್. ಮ್ಯಾಟ್ ಮಾತ್ರ ತಗೊಳ್ಳಿ, ಹೊಳಪಿರೋ ಪೇಂಟ್ ಸೀಲಿಂಗ್‌ಗೆ ಬೇಡವೇ ಬೇಡ. ಕೊನೇ ಕೋಟ್‌ನ ರೋಲರ್ ಕಿಟಕಿಯಿಂದ ಬೆಳಕು ಬರೋ ದಿಕ್ಕಿನಲ್ಲೇ ಓಡಲಿ.

ಇನ್ನೊಬ್ಬರ ಉತ್ತರ: ಒಂದು ಸೇರಿಸ್ತೀನಿ. ಮಳೆಗಾಲದಲ್ಲಿ 24 ಗಂಟೆ ಅಂತ ಲೆಕ್ಕ ಹಿಡಿದು ಕಾಂಪೌಂಡ್‌ನ ಮುಂದಿನ ಕೋಟ್ ಹಚ್ಚಬೇಡಿ. ಅದರ ಬಣ್ಣ ಎಲ್ಲಾ ಕಡೆ ಒಂದೇ ಸಮ ಬಿಳಿಯಾಗೋವರೆಗೂ ಕಾಯಿರಿ. ಒಳಗೆ ಹಸಿ ಉಳಿದರೆ ಕಾಂಪೌಂಡ್ ಆಮೇಲೆ ಕುಗ್ಗಿ, ಪೇಂಟ್ ಆದ ಮೇಲೆ ಜಾಯಿಂಟ್ ತಗ್ಗಾಗಿ ಕಾಣುತ್ತೆ. ಸೀಲಿಂಗ್ ಗೋಡೆಗೆ ಸೇರೋ ಮೂಲೆಯಲ್ಲಿ ಸಂದು ಇದ್ದರೆ ಪೇಂಟ್ ಮಾಡಬಹುದಾದ ಅಕ್ರಿಲಿಕ್ ಸೀಲೆಂಟ್ ತುಂಬಿಸಿ. ಸಿಲಿಕೋನ್ ಮೇಲೆ ಎಮಲ್ಷನ್ ನಿಲ್ಲಲ್ಲ. ಲೈಟ್‌ಗಳ ತೂತು ಕೊನೇ ಕೋಟ್‌ಗೆ ಮುಂಚೆಯೇ ಕೊರೆಸಿ.