ಘಾನಾ, ಎನ್‌ಕ್ರುಮಾ, ಕೋಕೋ: ಅರ್ಥಶಾಸ್ತ್ರದ ಮೇಡಂಗೆ ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಬಗ್ಗೆ. 1957ಕ್ಕೆ ಸ್ವಾತಂತ್ರ್ಯ, 1960ಕ್ಕೆ ಗಣರಾಜ್ಯ, 1966ರ ಫೆಬ್ರವರಿ 24ಕ್ಕೆ ಸೇನಾ ದಂಗೆ. ಉತ್ತರ ಕೊಡೋರು ಕಾಲೇಜಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರ ಪಾಠ ಮಾಡಿದ ನಮ್ಮ ಮೇಡಂ. ಇಲ್ಲಿನ ರಾಜಕೀಯ ತರಬೇಡಿ ದಯವಿಟ್ಟು.

ಕೆಎಎಸ್ ಕನಸು: ನಮಸ್ತೆ ಮೇಡಂ, ಎನ್‌ಕ್ರುಮಾ ಕಾಲದಲ್ಲಿ ಘಾನಾ ಸರ್ಕಾರದ ಅಷ್ಟೊಂದು ದುಡ್ಡು ಯಾವುದಕ್ಕೆ ಖರ್ಚಾಯ್ತು ಅಂತ ಐದು ಪಾಯಿಂಟಲ್ಲಿ ಹೇಳ್ತೀರಾ, ನೋಟ್ಸ್‌ಗೆ ಬೇಕಿತ್ತು

ಮೇಡಂ: ಪಾಯಿಂಟ್ ನೀವೇ ಮಾಡ್ಕೊಳ್ಳಿ. ವೋಲ್ಟಾ ನದಿಗೆ ಅಕೋಸೊಂಬೊ ಡ್ಯಾಂ, ತೆಮಾದಲ್ಲಿ ಹೊಸ ಬಂದರು, ಅಲ್ಲಿಂದ ರಾಜಧಾನಿ ಅಕ್ರಾಗೆ ಹೆದ್ದಾರಿ, ಮಕ್ಕಳಿಗೆ ಫ್ರೀ ಶಿಕ್ಷಣ, ರಷ್ಯಾದಿಂದ ವಿಮಾನಗಳು, ಸಾಲುಸಾಲು ಸರ್ಕಾರಿ ಫ್ಯಾಕ್ಟರಿ, 1965ರಲ್ಲಿ ಆಫ್ರಿಕಾ ನಾಯಕರ ಸಮ್ಮೇಳನಕ್ಕೆ ಅಂತ ಕಟ್ಟಿಸಿದ 'ಜಾಬ್ 600' ಕಟ್ಟಡ. ಎಲ್ಲಾ ದಂಡ ಅಂತ ಬರೀಬೇಡಿ ಮತ್ತೆ, ಡ್ಯಾಂ ಇವತ್ತಿಗೂ ಕರೆಂಟ್ ಕೊಡ್ತಿದೆ.

ಜಾಗೃತ ನಾಗರಿಕ: ಬಂದದ್ದನ್ನ ಹಾಗೇ ಕಳಿಸಿದ್ದೇನೆ 👉 ವಿದೇಶಿ ಸಾಲ ಮುಟ್ಟದೆ ಸ್ವಂತ ದುಡ್ಡಲ್ಲೇ ಡ್ಯಾಂ ಕಟ್ಟಿದ ಒಬ್ಬನೇ ಅಧ್ಯಕ್ಷ, ಅದಕ್ಕೇ ಅಮೆರಿಕ ಕೊಂದು ಹಾಕಿತು. ದೇಶದ ಸಾಲಕ್ಕೆ ಒಂದೇ ಮದ್ದು, ತನ್ನ ನೋಟು ತಾನೇ ಅಚ್ಚು ಹಾಕ್ಕೊಳ್ಳೋದು. ಹತ್ತು ಜನಕ್ಕೆ ಕಳಿಸಿ 🙏

ಮೇಡಂ: ಯಾರಿಗೂ ಕಳಿಸಬೇಡಿ. ಡ್ಯಾಂಗೆ ಅರ್ಧ ದುಡ್ಡು ಘಾನಾದ್ದು, ಇನ್ನರ್ಧ ವಿಶ್ವಬ್ಯಾಂಕ್, ಅಮೆರಿಕ, ಬ್ರಿಟನ್ ಕೊಟ್ಟ ಸಾಲ. ಎನ್‌ಕ್ರುಮಾ ಅವರನ್ನ ಯಾರೂ ಕೊಲ್ಲಲಿಲ್ಲ, ದಂಗೆ ಹೊತ್ತಿಗೆ ವಿಯೆಟ್ನಾಂಗೆ ಹೊರಟು ಬೀಜಿಂಗ್‌ನಲ್ಲಿದ್ರು, ಆಮೇಲೆ ಗಿನಿ ದೇಶದಲ್ಲಿ ಆಶ್ರಯ, 1972ರಲ್ಲಿ ರೊಮೇನಿಯಾದಲ್ಲಿ ಕಾಯಿಲೆಯಿಂದ ತೀರ್ಕೊಂಡ್ರು. ಇನ್ನು ಆ ಮದ್ದು. ಪೌಂಡು ಡಾಲರಲ್ಲಿ ಮಾಡಿದ ಸಾಲಕ್ಕೆ ನೀವು ಅಚ್ಚು ಹಾಕಿದ ನೋಟು ಯಾರ್ರೀ ತಗೋತಾರೆ? 1965ರಲ್ಲಿ ಸೆಡಿ ಅಂತ ಹೊಸ ನೋಟು ಬಂತು, ಸಾಲ ಇದ್ದಲ್ಲೇ ಇತ್ತು, ಅಂಗಡೀಲಿ ಹಾಲು ಸಕ್ಕರೆಗೆ ಪರದಾಟ.

ಅಡಿಕೆ ತೋಟ: ಮೇಡಂ ನಮ್ದು ಪುತ್ತೂರು ಕಡೆ, ಅಡಿಕೆ ಮಧ್ಯೆ ಕೋಕೋ ಉಂಟು. 2024ರಲ್ಲಿ ಘಾನಾದಲ್ಲಿ ಬೆಳೆ ಹೋಗಿ ನಮಗಿಲ್ಲಿ ರೇಟ್ ಏರಿದ ಮೇಲೆ ಆ ದೇಶದ ಬಗ್ಗೆ ಓದ್ಲಿಕ್ಕೆ ಶುರು ಮಾಡಿದ್ದು. ನನ್ನ ಡೌಟ್ ಎಂತ ಅಂದ್ರೆ, ರೇಟ್ ಬಿದ್ರೆ ನಾವು ಒಣಗಿಸಿದ ಚಾಲಿ ಅಡಿಕೆ ಇಟ್ಟು ಕಾಯ್ತೇವೆ, ಆಗ ರೇಟ್ ಬಿದ್ದಾಗ ಘಾನಾದವ್ರೂ ಕೋಕೋ ಹಾಗೆ ಇಟ್ಕೊಳ್ಬಹುದಿತ್ತಲ್ವ, ಮಾರುವುದು ಸರ್ಕಾರದ ಕೈಯಲ್ಲೇ ಇತ್ತಲ್ಲ?

ಮೇಡಂ: ಇದು ಪ್ರಶ್ನೆ ಅಂದ್ರೆ. ಎನ್‌ಕ್ರುಮಾ ಸರ್ಕಾರನೂ ಇದನ್ನೇ ಯೋಚಿಸ್ತು ಸರ್, ಕೋಕೋ ಕೂಡಿಡೋಕೆ ಅಂತಲೇ ತೆಮಾದಲ್ಲಿ ಭಾರೀ ಕಾಂಕ್ರೀಟ್ ಸೈಲೋ, ಅಂದ್ರೆ ಗೋದಾಮು ಕಟ್ಟಿಸಿದ್ರು, ಬಳಕೆಗೇ ಬರಲಿಲ್ಲ. ಚಾಲಿ ತಡೆಯುತ್ತೆ, ಕೋಕೋ ಬೀಜ ಕರಾವಳಿ ಸೆಕೆಗೆ ಬೂಸಲು ಹಿಡಿಯುತ್ತೆ, ನಿಮ್ಮ ಕಡೆಯೂ ಹಸಿ ಬೀಜ ಆಗಿಂದಾಗ್ಲೇ ಮಾರಿಬಿಡ್ತಾರಲ್ಲ. 1964ರ ಕೊನೆಗೆ ಘಾನಾ, ನೈಜೀರಿಯಾ, ಐವರಿ ಕೋಸ್ಟ್, ಬ್ರೆಜಿಲ್ ಎಲ್ಲ ಸೇರಿ ಒಳ್ಳೆ ರೇಟ್ ಬರೋ ತನಕ ಮಾರಲ್ಲ ಅಂತ ಹಟಕ್ಕೆ ಬಿದ್ರು, ಅದೇ ಹಂಗಾಮಲ್ಲಿ ಘಾನಾದ ಬೆಳೆ 5 ಲಕ್ಷ ಟನ್ ದಾಟಿ ದಾಖಲೆ ಆಯ್ತು, ಕೆಲವೇ ತಿಂಗಳಲ್ಲಿ ಒಗ್ಗಟ್ಟು ಮುರೀತು. 1954ರಲ್ಲಿ ಟನ್ನಿಗೆ 400 ಪೌಂಡ್ ದಾಟಿದ್ದ ಮಾಲು 1965ರ ಮಧ್ಯಕ್ಕೆ 100 ಪೌಂಡ್ ಆಸುಪಾಸಿಗೆ ಬಂತು.

ರೈತನ ಕಡೆಯಿಂದ ನೋಡಿ. ಬ್ರಿಟಿಷರು 1947ರಲ್ಲಿ ಮಾರ್ಕೆಟಿಂಗ್ ಬೋರ್ಡ್ ಮಾಡಿದ್ರು, ಮಾಲು ಕೊನೆಗೆ ಅದಕ್ಕೇ ಹೋಗಬೇಕು, ರೇಟು ಅದು ಹೇಳಿದ್ದೇ. 1954ರಲ್ಲಿ, ಎನ್‌ಕ್ರುಮಾ ಇನ್ನೂ ಬ್ರಿಟಿಷರ ಕೆಳಗೆ ಪ್ರಧಾನಿ ಆಗಿದ್ದಾಗ, 60 ಪೌಂಡ್ ತೂಕದ ಒಂದು ಹೊರೆಗೆ 72 ಶಿಲ್ಲಿಂಗ್ ಅಂತ ಕಟ್ಟಿದ್ರು. ಹೊರಗೆ ಹತ್ತಿರ ಹತ್ತಿರ ಮೂರು ಪಟ್ಟು ಇತ್ತು. ಕುಮಾಸಿ ಕಡೆ ಅಶಾಂತಿ ಅನ್ನೋ ಪ್ರದೇಶದ ರೈತರು ಬೇರೆ ಪಕ್ಷನೇ ಕಟ್ಟಿ ತಿರುಗಿಬಿದ್ರು. ಮಿಕ್ಕ ದುಡ್ಡು ಬೆಲೆ ಬಿದ್ದ ದಿನ ನಿಮ್ಮನ್ನೇ ಕಾಯುತ್ತೆ ಅಂತ ಬೋರ್ಡಿನ ಮಾತು, ಬೆಲೆ ಬಿದ್ದ ದಿನ ದುಡ್ಡು ಯೋಜನೆಗಳಲ್ಲಿ ಕೂತಿತ್ತು.

ನನಗೆ ನಿಜಕ್ಕೂ ಕಳವಳ ಆಗೋದು ಆಮೇಲಿನ ಸಾಲ ನೋಡಿದ್ರೆ. ಸ್ವಾತಂತ್ರ್ಯ ಬಂದಾಗ 20 ಕೋಟಿ ಪೌಂಡ್ ಹತ್ತಿರ ಕೈಲಿತ್ತು, ಅದು ಕರಗಿದ ಮೇಲೆ ಯುರೋಪಿನ ಕಂಪನಿಗಳು ಮೆಷಿನ್ ಕೊಡ್ತೀವಿ, ದುಡ್ಡು ಕಂತಲ್ಲಿ ಕೊಡಿ ಅಂತ ಬಾಗಿಲಿಗೆ ಬಂದ್ವು, ರೇಟು ದುಬಾರಿ, ಅವಧಿ ನಾಲ್ಕೈದು ವರ್ಷ. ಫೈನಾನ್ಸಲ್ಲಿ ಟ್ರ್ಯಾಕ್ಟರ್ ತಗೊಂಡು ಮೊದಲ ಬೆಳೆಗೆ ಮುಂಚೆನೇ ಕಂತಿನವನು ಗೇಟಲ್ಲಿ ನಿಂತ ಹಾಗೆ, ಫ್ಯಾಕ್ಟರಿ ಇನ್ನೂ ಓಡ್ತಾನೇ ಇಲ್ಲ. ಡ್ಯಾಂ ಸಾಲ ದೀರ್ಘಾವಧಿದು, ಅದು ಮುಳುಗಿಸಲಿಲ್ಲ. ಮುಳುಗಿಸಿದ್ದು ಈ ಕಂತುಗಳು.

ಹುಬ್ಬಳ್ಳಿ ಹುಡುಗ: ಹಂಗಾರ ಬ್ಯಾಡ ಅನ್ನೋರು ಒಬ್ಬರೂ ಇರ್ಲಿಲ್ಲೇನ್ರಿ ಅಲ್ಲೆ?

ಮೇಡಂ: ಇದ್ರು. ಆರ್ಥರ್ ಲೂಯಿಸ್, ಮುಂದೆ 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದೋರು, ಸಲಹೆಗಾರ ಆಗಿ ಹೋಗಿ ಅವಧಿಗೆ ಮುಂಚೆನೇ ಬಿಟ್ಟು ಬಂದ್ರು. ದೇಶದೊಳಗಿನವರಿಗೆ ಆ ಸೌಕರ್ಯ ಇರಲಿಲ್ಲ, 1958ರ ಕಾನೂನಲ್ಲಿ ವಿಚಾರಣೆ ಇಲ್ಲದೆ ಐದು ವರ್ಷ ಒಳಗೆ ಹಾಕಬಹುದಿತ್ತು.

ಕೆಂಪು ಬಸ್: ಇದೆಲ್ಲ ಪಾಶ್ಚಾತ್ಯರು ಬರೆದ ಇತಿಹಾಸ. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಇಲ್ದೆ ದಂಗೆ ಆಗ್ತಿತ್ತಾ? ಕೋಕೋ ರೇಟ್ ಬೀಳಿಸಿದ್ದೂ ಅವರೇ.

ನೇರ ನುಡಿ: ಡಂಕ್ವಾ ಜೈಲಲ್ಲಿ ಸತ್ತಿದ್ದೂ ಸಿಐಎನೇನಾ? 1960ರಲ್ಲಿ ಎನ್‌ಕ್ರುಮಾ ಎದುರು ನಿಂತು ಚುನಾವಣೆ ಮಾಡಿದವರು, 1965ರಲ್ಲಿ ನ್ಸಾವಾಂ ಜೈಲಲ್ಲಿ ಹೋದ್ರು.

ಕೆಂಪು ಬಸ್: ಬಾಂಬ್ ಹಾಕಿ ಕೊಲ್ಲೋಕೆ ನೋಡಿದ್ರೆ ಹಾರ ಹಾಕ್ಬೇಕಿತ್ತಾ? 1962ರಲ್ಲಿ ಕುಲುಂಗುಗು ಊರಲ್ಲಿ ಅವರ ಮೇಲೆ ಗ್ರೆನೇಡ್ ಎಸೆದಿದ್ದು ಗೊತ್ತಾ ನಿಮಗೆ?

ನೇರ ನುಡಿ: ಅದಕ್ಕೆ 1964ರಲ್ಲಿ ಬೇರೆ ಪಕ್ಷನೇ ಇರಬಾರ್ದು ಅಂತ ಕಾನೂನು ಮಾಡಿದ್ರಾ? ನಿಮ್ಮಂಥೋರಿಗೆ ಸರ್ವಾಧಿಕಾರಿ ಇಂಗ್ಲಿಷರನ್ನ ಬೈದ್ರೆ ಸಾಕು.

ಕೆಂಪು ಬಸ್: ನಾಲಿಗೆ ಹಿಡಿತದಲ್ಲಿರಲಿ

ಬೆಂಗಳೂರು ಟು ಅಕ್ರಾ: ಅಲ್ಲಿ ಕೆಲಸಕ್ಕೆ ಹೋಗ್ತಿದ್ದೀನಿ, ಕನ್ನಡದವರು ಯಾರಾದ್ರೂ ಇದ್ದೀರಾ?

ಮುಳುಗಡೆ ಮನೆತನ: ಮೇಡಂ ನಾವು ಸಾಗರದವರು, ಶರಾವತಿ ಮುಳುಗಡೇಲಿ ಅಜ್ಜನ ಮನೆ ಹೋಯ್ತು. ಲಿಂಗನಮಕ್ಕಿನೂ ಅದೇ ಕಾಲದ್ದು. ಅಕೋಸೊಂಬೊ ಡ್ಯಾಂ ನೀರಲ್ಲಿ ಊರು ಮುಳುಗಿದ ಜನ ಏನಾದ್ರು?

ಮೇಡಂ: ಸುಮಾರು 80,000 ಜನ ಎದ್ದು ಹೋದ್ರು, 52 ಹೊಸ ಊರು ಕಟ್ಟಿಕೊಟ್ರು. ಮನೆ ಅಂದ್ರೆ ಅಡಿಪಾಯ, ಮೇಲೆ ತಗಡು, ಒಂದೇ ರೂಮು ಪೂರ್ತಿ, ಮಿಕ್ಕಿದ್ದನ್ನ ನೀವೇ ಕಟ್ಕೊಳ್ಳಿ ಅಂತ. ಎಷ್ಟೋ ಮನೆ ಹಾಗೇ ನಿಂತ್ವು, ಜನ ಬಿಟ್ಟು ಹೋದ್ರು. ನಿಂತ ನೀರಲ್ಲಿ ಬಸವನಹುಳದಿಂದ ಬಿಲ್ಹಾರ್ಜಿಯಾ ಅಂತ ಮೂತ್ರದಲ್ಲಿ ರಕ್ತ ಹೋಗೋ ಕಾಯಿಲೆ ಹರಡ್ತು. ಕರೆಂಟು ಮಾತ್ರ ಅರ್ಧಕ್ಕಿಂತ ಹೆಚ್ಚು ಅಮೆರಿಕನ್ ಕಂಪನಿಗಳ ಅಲ್ಯೂಮಿನಿಯಂ ಕಾರ್ಖಾನೆಗೆ, ಪುಡಿಗಾಸಿಗೆ, ಆ ದರ ಸರಿಯಾಗಿ ಬದಲಾಗಿದ್ದು 1980ರ ದಶಕದಲ್ಲಿ. ಘಾನಾದಲ್ಲೇ ಅಲ್ಯೂಮಿನಿಯಂ ಅದಿರು ಬಾಕ್ಸೈಟ್ ಇತ್ತು, ಅದನ್ನ ಬಿಟ್ಟು ಅಲ್ಯೂಮಿನಾನ, ಅಂದ್ರೆ ಅದಿರಿಂದ ತೆಗೆದ ಪುಡಿನ, ಹಡಗಲ್ಲಿ ಹೊರಗಿಂದ ತಂದ್ರು. ಎನ್‌ಕ್ರುಮಾಗೆ ಇದು ಗೊತ್ತಿಲ್ಲದೆ ಏನಿರಲಿಲ್ಲ, ಆ ಕಂಪನಿಗಳು ಗ್ಯಾರಂಟಿ ಗಿರಾಕಿ ಆಗದೆ ಡ್ಯಾಂಗೆ ಸಾಲ ಹುಟ್ಟುತ್ತಿರಲಿಲ್ಲ.

ಟೈಂಪಾಸ್: ಮೇಡಂ ಸಿಐಎ ಕೊಂದಿದ್ದು ನಿಜನಾ?

ಮೇಡಂ: ಮೇಲೆ ಓದಿ.

ಕೆಂಪು ಬಸ್: ಮೇಲೆ ನನ್ನ ಪ್ರಶ್ನೆಗೆ ಉತ್ತರ ಇಲ್ಲ. ದಂಗೆ ಹಿಂದೆ ಯಾರು?

ಮೇಡಂ: ಸಂಚು ಅಮೆರಿಕಕ್ಕೆ ಮೊದಲೇ ಗೊತ್ತಿತ್ತು, ಆದ ಮೇಲೆ ಅವರಿಗೆ ಖುಷಿ ಆಯ್ತು, ಎರಡೂ ಅವರದೇ ಸರ್ಕಾರಿ ಕಾಗದದಲ್ಲಿದೆ. ಮಾಡಿದ್ದು ಘಾನಾದ ಸೇನೆ, ಪೊಲೀಸ್. ಅಕ್ರಾ ಬೀದಿಲಿ ಜನ ಕುಣಿದ್ರು, ಪ್ರತಿಮೆ ಉರುಳಿಸಿದ್ರು. ಕೋಕೋ ರೇಟ್ ಬಿದ್ದಿದ್ದು ಬೆಳೆ ಜಾಸ್ತಿ ಆಗಿ, ಬರೆದಿದ್ದೀನಿ. ಓದಿ ಜಗಳ ಆಡಿ.

ಜಾಗೃತ ನಾಗರಿಕ: ಬಂದದ್ದನ್ನ ಹಾಗೇ ಕಳಿಸಿದ್ದೇನೆ 👉 ಸಾಲ ಕಟ್ಟಲ್ಲ ಅಂದ್ಬಿಟ್ರೆ ಬ್ಯಾಂಕಿನವರೇ ದಾರಿಗೆ ಬರ್ತಾರೆ, ಆಫ್ರಿಕಾ ಮಾಡಿ ತೋರಿಸಿದೆ

ಮೇಡಂ: ಅಡ್ಮಿನ್, ಇವರನ್ನ ಸ್ವಲ್ಪ ನೋಡ್ಕೊಳ್ಳಿ. ಬಿಡಿ ಭಾಗ, ಗೊಬ್ಬರ, ಔಷಧಿ ಎಲ್ಲ ಹೊರಗಿಂದ ಉದ್ರಿಲಿ ತರೋ ದೇಶ ಕೈ ಎತ್ತಿದ್ರೆ ಮುಂದಿನ ಹಡಗು ಬರಲ್ಲ. ಬ್ಯಾಂಕಿನವರಿಗಿಂತ ಮೊದಲು ದಾರಿಗೆ ಬರೋದು ಆಸ್ಪತ್ರೆಗೆ ಹೋದ ರೋಗಿ.

ಅಡಿಕೆ ತೋಟ: ಮೇಡಂ ಈಗ ಅಲ್ಲಿಯ ರೈತರಿಗೆ ಪೂರ್ತಿ ರೇಟ್ ಸಿಗ್ತದಾ?

ಮೇಡಂ: ಇಲ್ಲ ಸರ್. ಈಗಲೂ ಬೆಲೆ ಸರ್ಕಾರವೇ ಕಟ್ಟೋದು, 2024ರಲ್ಲಿ ಹೊರಗೆ ರೇಟ್ ಹಾರಿದಾಗ ಮೂಟೆಗಳು ರಾತ್ರೋರಾತ್ರಿ ಗಡಿ ದಾಟಿ ಐವರಿ ಕೋಸ್ಟ್, ಟೋಗೋ ಕಡೆ ಹೋಗ್ತಿದ್ವು.

ಟೈಂಪಾಸ್: ಹಾಗಾದ್ರೆ ಈ ವರ್ಷ ಕೋಕೋ ಗಿಡ ಹಾಕ್ಬಹುದಾ ಮೇಡಂ?

ಅಡಿಕೆ ತೋಟ: ಅದು ನನ್ನತ್ರ ಕೇಳಿ ಮಾರಾಯ್ರೆ. ಮೊದ್ಲು ನೀರು ಉಂಟಾ ಹೇಳಿ.