ಸಿಸೇರಿಯನ್ ಗಾಯ ಒಳಗೆ ಅಂಟಿಕೊಂಡಿದೆಯಾ?

ಪ್ರಶ್ನೆ: ನಮಸ್ತೆ ಮೇಡಂ. ಸಿಸೇರಿಯನ್ ಆಗಿ 4 ತಿಂಗಳಾಯಿತು. ಹೊರಗೆ ಹೊಲಿಗೆ ಚೆನ್ನಾಗಿ ಒಣಗಿದೆ, ಡಾಕ್ಟರೂ ನೋಡಿ ಸರಿಯಿದೆ ಅಂದರು. ಆದರೆ ಅಟ್ಟದ ಮೇಲಿನ ಡಬ್ಬ ತೆಗೆಯಲು ಕೈ ಎತ್ತಿದರೆ ಕೆಳಹೊಟ್ಟೆ ಎಳೆದು ಹಿಡಿಯುತ್ತದೆ. ಗಾಯದ ಎಡತುದಿ ಒಳಕ್ಕೆ ಜಗ್ಗಿದ ಹಾಗಿದೆ, ಅಲ್ಲಿ ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈಯಲ್ಲೇ ಅಂಟು ಬಿಡಿಸುವ ಚಿಕಿತ್ಸೆ ಇದೆಯಂತೆ. ಅಮ್ಮ ಮಾತ್ರ ಹೊಟ್ಟೆ ಮುಟ್ಟಲೇಬೇಡ ಅಂತಾರೆ.

ಉತ್ತರ (ಫಿಸಿಯೋಥೆರಪಿಸ್ಟ್): ಅಮ್ಮನ ಮಾತು ಮೊದಲ 6 ವಾರಕ್ಕೆ ಸರಿ. ಈಗ ಮುಟ್ಟಲೇಬೇಕು.

ಸೀರೆಗೆ ಫಾಲ್ ಹಾಕುವಾಗ ಕೆಳಗಿನ ಬಟ್ಟೆಯೂ ಸೂಜಿಗೆ ಸಿಕ್ಕಿಬಿಡುತ್ತದಲ್ಲ, ಹಾಗೇ ಆಗಿದೆ. ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಇವೆಲ್ಲ ಒಂದರ ಮೇಲೊಂದು ಜಾರಬೇಕು. ಗಾಯ ಮಾಯುವಾಗ ದೇಹ ಅವಸರದಲ್ಲಿ ನಾರು ಹಾಕುತ್ತದೆ, ಪದರಗಳು ಅಲ್ಲಲ್ಲಿ ಸೇರಿಬಿಡುತ್ತವೆ.

ಮೊದಲು ನೀವೇ ನೋಡಿ. ಮಂಡಿ ಮಡಚಿ ಅಂಗಾತ ಮಲಗಿ. ಎರಡು ಬೆರಳಿಟ್ಟು ಚರ್ಮವನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸಿ. ಯಾವ ಕಡೆ ಹೋಗುವುದಿಲ್ಲವೋ ಅಲ್ಲೇ ಬಿಗಿ ಇದೆ. ಆ ಕಡೆಗೇ ನಿಧಾನವಾಗಿ ಒತ್ತಿ, ಎಳೆತ ಸಿಕ್ಕ ಕಡೆ ಅರ್ಧ ನಿಮಿಷ ಸುಮ್ನೆ ಹಿಡಿಯಿರಿ. ಬೆರಳ ಕೆಳಗೆ ಸ್ವಲ್ಪ ಸಡಿಲ ಆದದ್ದು ತಿಳಿಯುತ್ತದೆ. ದಿನಕ್ಕೆ 5 ನಿಮಿಷ ಸಾಕು. ಎಣ್ಣೆ ಒಂದೇ ಹನಿ. ಜಾಸ್ತಿ ಹಾಕಿದರೆ ಬೆರಳು ಜಾರುತ್ತದೆ, ಪದರ ಸರಿಯುವುದಿಲ್ಲ. ಎಳೆತ ಇರಲಿ, ಉಸಿರು ಬಿಗಿಹಿಡಿಯುವಷ್ಟು ನೋವು ಬೇಡ. ಮರಗಟ್ಟಿದ ಜಾಗಕ್ಕೆ ಹತ್ತಿ ಸವರಿ, ಅಭ್ಯಾಸವಾದ ಮೇಲೆ ಟವೆಲ್. ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕೆಲವರಿಗೆ ಒಂದಿಷ್ಟು ಜಾಗ ಹಾಗೇ ಉಳಿಯುವುದೂ ಉಂಟು.

ಇನ್ನೊಂದು ಮಾತು. ‘ಅಂಟು ಕಿತ್ತು ಹಾಕುತ್ತೇವೆ’ ಅನ್ನುವವರನ್ನು ನಂಬಬೇಡಿ. ಬೆರಳಿನಿಂದ ನಾರು ಹರಿಯುವುದಿಲ್ಲ. ಹಗುರಾಗುವುದರಲ್ಲಿ ನರ ಶಾಂತವಾಗುವುದರ ಪಾಲೂ ಇರುತ್ತದೆ. ಕರುಳು, ಗರ್ಭಕೋಶ ಒಳಗೆ ಅಂಟಿದ್ದರೆ ಅದನ್ನು ಹೊರಗಿನಿಂದ ಒತ್ತಿ ಬಿಡಿಸುತ್ತೇನೆಂದು ನಾನಂತೂ ಮಾತು ಕೊಡುವುದಿಲ್ಲ.

ಇನ್ನೊಬ್ಬರು: ನನಗೆ ಆಪರೇಷನ್ ಆಗಿ 2 ವರ್ಷ. ತಡ ಆಯ್ತಾ ಮೇಡಂ? ಮುಟ್ಟಾದಾಗ ಗಾಯದ ಹತ್ತಿರ ಗೋಲಿಯಷ್ಟು ಗಂಟು ನೋಯುತ್ತೆ.

ಉತ್ತರ: ತಡವೇನಿಲ್ಲ, ನಿಧಾನ ಅಷ್ಟೆ. ಆದರೆ ಆ ಗಂಟನ್ನು ತಿಕ್ಕಬೇಡಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಗಾಯದಲ್ಲಿ ಬೆಳೆದರೂ ಮುಟ್ಟಿನ ಜೊತೆ ಹೀಗೇ ನೋಯುತ್ತದೆ. ಮೊದಲು ಹೆರಿಗೆ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ. ಯಾರಿಗೇ ಆಗಲಿ ಗಾಯ ಕೆಂಪಾಗಿ ಬಿಸಿಯಾದರೆ, ಕೀವು, ಜ್ವರ ಬಂದರೆ ಕೈ ಇಡಲೇಬೇಡಿ.

ಮೊದಲು ಕೇಳಿದವರು: ಈಗಷ್ಟೇ ನೋಡಿದೆ ಮೇಡಂ. ಬಲಗಡೆ ಜಾರುತ್ತದೆ, ಎಡತುದಿ ಮೇಲಕ್ಕೆ ಅಲುಗಾಡುವುದೇ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾರೆ.

ಉತ್ತರ: ಹಾಗಾದರೆ ಎಡತುದಿಯಿಂದ ಶುರು ಮಾಡಬೇಡಿ. ಸಡಿಲ ಇರುವ ಬಲಗಡೆಯಿಂದ ಬನ್ನಿ, ತುದಿಗೆ ಕೊನೆಯ 1 ನಿಮಿಷ ಕೊಡಿ. ಮುಗಿದ ಮೇಲೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ. ಅಮ್ಮನನ್ನೂ ಕರೆದು ಅವರ ಬೆರಳಿಗೇ ಆ ಬಿಗಿ ತೋರಿಸಿ. ವಾರ ಬಿಟ್ಟು ಡಬ್ಬ ತೆಗೆದು ನೋಡಿ, ಇಲ್ಲೇ ಬರೆಯಿರಿ.