ಕೆಲಸಕ್ಕೂ ಹೋಗ್ಬೇಕು, ಮನೇಲೂ ಇರ್ಬೇಕು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಮೈಸೂರು-ಮಂಡ್ಯ ಕಡೆ ಕೆಲಸಕ್ಕೆ ಹೋಗ್ತಾ ಮನೆಯ ವಯಸ್ಸಾದವರನ್ನ ನೋಡ್ಕೊಳ್ತಿರೋರಿಗೆ ಅಂತ ಮಾಡಿರೋ ಗುಂಪು ಇದು. ಇವತ್ತು ಸಂಜೆ ಐದರಿಂದ ಏಳರವರೆಗೆ ಡಾಕ್ಟರ್ ಮೇಡಂ ಇರ್ತಾರೆ, ವಯಸ್ಸಾದವರನ್ನೇ ನೋಡೋ ಡಾಕ್ಟರು. ದಯವಿಟ್ಟು ಶುಭ ಸಂಜೆ ಚಿತ್ರ ಹಾಕಬೇಡಿ.

ಮಂಡ್ಯ ಟೀಚರ್: ಮೇಡಂ, ನಮ್ಮ ಮಾವನವರಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಬಲಗಡೆ ಸ್ವಾಧೀನ ಇಲ್ಲ. ನಾನು ಒಂಬತ್ತಕ್ಕೆ ಸ್ಕೂಲಿಗೆ ಹೊರಟರೆ ಬರೋದು ಐದಕ್ಕೆ. ಅತ್ತೆ ಒಬ್ಬರೇ ಇರ್ತಾರೆ, ಅವರಿಗೋ ಮಂಡಿನೋವು. ಮಾವನವರಿಗೆ ಬೆನ್ನಿನ ಕೆಳಗೆ ರೂಪಾಯಿ ಅಗಲ ಕೆಂಪಾಗಿದೆ. ಏರ್ ಬೆಡ್ ತಂದಿದ್ದೀವಿ, ಪೌಡರ್ ಹಾಕಿ ಉಜ್ಜುತ್ತಿದ್ದೀವಿ. ಸಾಕಾ?

ಡಾಕ್ಟರ್: ಉಜ್ಜೋದು ಇವತ್ತೇ ನಿಲ್ಲಿಸಿ. ಒಳಗಿನ ಮಾಂಸ ಇನ್ನೂ ಹಾಳಾಗುತ್ತೆ. ಕೆಂಪಾದ ಕಡೆ ಬೆರಳಲ್ಲಿ ಒತ್ತಿ ನೋಡಿ. ಒತ್ತಿದಾಗ ಬಿಳಚಿಕೊಳ್ಳದೆ ಕೆಂಪಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಅತ್ತೆ ಕೈಲಿ ಪೂರ್ತಿ ಹೊರಳಿಸೋಕೆ ಆಗಲ್ಲ, ಅವರ ಸೊಂಟನೂ ಹೋಗುತ್ತೆ. ಬೆನ್ನ ಹಿಂದೆ ಒಂದು ದಿಂಬು ತೂರಿಸಿ ಸ್ವಲ್ಪ ಓರೆ ಮಾಡಲಿ, ಆಮೇಲೆ ಅದೇ ದಿಂಬನ್ನ ಇನ್ನೊಂದು ಕಡೆಗೆ. ಮೀನಖಂಡದ ಕೆಳಗೂ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಚರ್ಮ ಕಿತ್ತಿದ್ದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿ ತೋರಿಸಿ.

ಪಾಂಡವಪುರ: (ಫಾರ್ವರ್ಡ್) ಲಕ್ವ ಹೊಡೆದ ತಕ್ಷಣ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ರೋಗಿ ಎದ್ದು ಕೂರುತ್ತಾನೆ! ಎಲ್ಲರಿಗೂ ಹಂಚಿ, ಜೀವ ಉಳಿಸಿ!

ಡಾಕ್ಟರ್: ಜೀವ ತೆಗೆಯೋ ಮೆಸೇಜ್ ಇದು. ರಕ್ತನಾಳದ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋ ಸಮಯ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಆಸ್ಪತ್ರೆ ಸೇರಬೇಕು, ಸ್ಕ್ಯಾನ್ ಆಗಬೇಕು. ನೀವು ಸೂಜಿ ಹುಡುಕ್ತಾ ಕೂತಿರಿ. 108ಕ್ಕೆ ಫೋನ್ ಮಾಡೋದು ಬಿಟ್ಟು! ಅಡ್ಮಿನ್, ಅಳಿಸಿ.

ಕುವೆಂಪುನಗರ: ಮೇಡಂ, ಏರ್ ಬೆಡ್ ತಗೊಂಡ್ರೆ ಮಗ್ಗುಲು ಬದಲಿಸೋದು ತಪ್ಪುತ್ತಾ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಹೂಟಗಳ್ಳಿ ಶಿಫ್ಟ್: ಡಾಕ್ಟ್ರೇ, ನಂದು ಫ್ಯಾಕ್ಟ್ರಿ ಕೆಲ್ಸ, ವಾರಕ್ಕೊಂದು ಶಿಫ್ಟು. ಮನೇಲಿ ನಾನು, ನಮ್ಮವ್ವ ಇಬ್ರೇ. ಅವ್ವಂಗೆ 74. ಮೊನ್ನೆ ಮೊನ್ನೆವರ್ಗೂ ಅಡ್ಗೆ ಎಲ್ಲ ಅವ್ರದೇ. ಈಗ ಒಂದ್ವಾರದಿಂದ ಹಗಲೆಲ್ಲ ತೂಕಡಿಸ್ತವ್ರೆ, ರಾತ್ರಿ ಎದ್ದು ಕಬ್ಬಿನ ಗದ್ದೆಗೆ ನೀರು ತಿರುಗಿಸ್ಬೇಕು ಅಂತ ಬಾಗ್ಲು ತೆಗೀತಾರೆ. ಗದ್ದೆ ಮಾರಿ ಹನ್ನೆರಡು ವರ್ಷ ಆಯ್ತು. ಅದ್ಕೇ ಹೊರಗಿಂದ ಬೀಗ ಹಾಕ್ಕೊಂಡು ಡ್ಯೂಟಿಗೆ ಹೋಯ್ತಿದೀನಿ. ಅರಳು ಮರಳು ಕಣಯ್ಯ ಅಂತಾರೆ ಎಲ್ರೂ. ಮೆಡಿಕಲ್‌ನೋರು ನಿದ್ದೆ ಮಾತ್ರೆ ಕೊಟ್ಟವ್ರೆ, ಒಂದ್ರಲ್ಲಿ ಮಲಗ್ತಿಲ್ಲ. ಎರಡು ಕೊಡಬೋದಾ?

ಡಾಕ್ಟರ್: ಬೇಡ. ಒಂದೂ ಬೇಡ. ಎಷ್ಟು ದಿನ ಕೊಟ್ರಿ? ಬಿಪಿ ಮಾತ್ರೆ ಇದೆಯಾ, ಇತ್ತೀಚೆಗೆ ಬದಲಾಯಿಸಿದ್ರಾ? ಜ್ವರ, ಬಿದ್ದಿದ್ದು, ಉರಿಮೂತ್ರ?

ಹೂಟಗಳ್ಳಿ ಶಿಫ್ಟ್: ನಿದ್ದೆ ಮಾತ್ರೆ ಎರಡೇ ರಾತ್ರಿ. ಬಿಪಿಗೆ ಇನ್ನೊಂದ್ ಮಾತ್ರೆ ಸೇರ್ಸಿ ಮೂರು ವಾರ. ಉಪ್ಪು ಕಮ್ಮಿ ಮಾಡಿ ಅಂದ್ರು, ನಾವು ಸಾರಿಗೂ ಹಾಕ್ತಿಲ್ಲ. ಊಟ ಅಷ್ಟಕ್ಕಷ್ಟೆ. ಉರಿ ಅಂತ ಒಂದಿನ ಅಂದಿದ್ರು. ಬಿದ್ದಿಲ್ಲ.

ಡಾಕ್ಟರ್: ಎಲ್ಲರೂ ಇದನ್ನ ಓದಿ. ಮರೆವಿನ ಕಾಯಿಲೆ ಒಂದು ವಾರದಲ್ಲಿ ಬರಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಏರುತ್ತೆ. ಅಡುಗೆ ಮಾಡ್ಕೊಂಡು ಓಡಾಡ್ತಿದ್ದವರು ದಿಢೀರನೆ ಹೀಗಾದರೆ, ಒಂದು ಹೊತ್ತು ಸರಿ ಇನ್ನೊಂದು ಹೊತ್ತು ಇಲ್ಲ ಅಂದರೆ, ಅದು ಡೆಲಿರಿಯಂ. ಮೈಯಲ್ಲಿ ಬೇರೆಲ್ಲೋ ಏನೋ ಕೆಟ್ಟಿರುತ್ತೆ, ಅದು ತಲೆಯಲ್ಲಿ ಕಾಣಿಸ್ಕೊಳ್ಳುತ್ತೆ. ವಯಸ್ಸಾಯ್ತು ಅಂತ ಸುಮ್ಮನಾಗೋದೇ ಇಲ್ಲಿ ಆಗೋ ದೊಡ್ಡ ತಪ್ಪು.

ನನಗೆ ಮೊದಲ ಅನುಮಾನ ಸೋಡಿಯಂ, ಅಂದರೆ ರಕ್ತದಲ್ಲಿರೋ ಉಪ್ಪಿನಂಶ, ಕಮ್ಮಿಯಾಗಿದೆ ಅಂತ. ಹೊಸದಾಗಿ ಸೇರಿಸಿದ್ದು ನೀರು ಇಳಿಸೋ ಜಾತಿಯ ಮಾತ್ರೆ ಆಗಿದ್ದರೆ ಮೂತ್ರದ ಜೊತೆ ಸೋಡಿಯಂ ಹೋಗುತ್ತೆ. ನೀವು ಉಪ್ಪೂ ನಿಲ್ಲಿಸಿದ್ದೀರಿ, ಅವರು ಊಟನೂ ಬಿಟ್ಟಿದ್ದಾರೆ. ರಕ್ತದಲ್ಲಿ 135ರ ಮೇಲಿರಬೇಕು. 120ರ ಕೆಳಗೆ ಹೋದರೆ ಫಿಟ್ಸ್ ಬರಬಹುದು. ಎರಡನೇ ಅನುಮಾನ ಮೂತ್ರದ ಸೋಂಕು. ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರ ಬರಲ್ಲ, ಬರೀ ಗೊಂದಲ. ಇದರ ಮೇಲೆ ನಿದ್ದೆ ಮಾತ್ರೆ ಕೊಟ್ಟರೆ ಗೊಂದಲ ಜಾಸ್ತಿಯಾಗುತ್ತೆ, ಬಿದ್ದು ತೊಡೆಮೂಳೆನೂ ಮುರೀತಾರೆ.

ನಾಳೆ ಅಲ್ಲ, ಈಗಲೇ ಕರ್ಕೊಂಡು ಹೋಗಿ. ಹತ್ತಿರ ಯಾವುದೂ ಇಲ್ಲ ಅಂದ್ರೆ ಕೆ.ಆರ್. ಆಸ್ಪತ್ರೆ. ಮಾತ್ರೆ ಸ್ಟ್ರಿಪ್ ಎಲ್ಲ ಕವರಿಗೆ ಹಾಕ್ಕೊಳ್ಳಿ, ಸೋಡಿಯಂ, ಶುಗರ್, ಕಿಡ್ನಿ, ಮೂತ್ರ ಪರೀಕ್ಷೆ ಕೇಳಿ. ಯಾರೋ ಹೇಳಿದ್ರು ಅಂತ ಉಪ್ಪುನೀರು ಕುಡಿಸಬೇಡಿ. ಸೋಡಿಯಂ ಬೇಗ ಏರಿದರೂ ಮೆದುಳಿಗೆ ಪೆಟ್ಟು.

ಬೀಗದ ವಿಷಯ. ಒಳಗೆ ಗ್ಯಾಸ್ ಇದೆ. ಬೆಂಕಿ ಹತ್ತಿದರೆ ಅವ್ವ ಯಾವ ಕಡೆಯಿಂದ ಬರಬೇಕು?

ಹೂಟಗಳ್ಳಿ ಶಿಫ್ಟ್: ಇವತ್ತು ನೈಟ್ ಡ್ಯೂಟಿ ಡಾಕ್ಟ್ರೇ. ಈ ತಿಂಗ್ಳು ಆಗ್ಲೇ ಮೂರು ರಜೆ ಹಾಕಿವ್ನಿ. ಇನ್ನೊಂದಾದ್ರೆ ಕಂಟ್ರಾಕ್ಟರ್ ಬರ್ಬೇಡ ಅಂತಾನೆ.

ಡಾಕ್ಟರ್: ಗೊತ್ತಪ್ಪ. ಹೊರಡಿ.

ಸರಸ್ವತಿಪುರಂ: ಹೆತ್ತ ತಾಯಿಯನ್ನ ಕೂಡಿ ಹಾಕೋದಾ? ಕಾಲ ಎಲ್ಲಿಗೆ ಬಂತು.

ಹೂಟಗಳ್ಳಿ ಶಿಫ್ಟ್: ನಿಮ್ಮನೇಲಿ ಎಷ್ಟ್ ಜನ ಅವ್ರೆ ಸಾರ್?

ವಿಜಯನಗರ: ಅಣ್ಣ, ಅವರ ಮಾತು ಬಿಡಿ, ಆಟೋ ಹಿಡೀರಿ. ಸರಸ್ವತಿಪುರಂ ಅವರೇ, ನಾನೂ ಚಿಲಕ ಹಾಕಿದ್ದೀನಿ. ವರ್ಕ್ ಫ್ರಂ ಹೋಮ್, ಮೀಟಿಂಗ್ ನಡುವೆ ಅಮ್ಮನ ಡೈಪರ್. ಬೆಂಗಳೂರಲ್ಲಿರೋ ನಮ್ಮಣ್ಣ, ನೀನು ಮನೇಲೇ ಇರ್ತೀಯಲ್ಲ ಅಂತಾನೆ.

ಸರಸ್ವತಿಪುರಂ: ಅವರು ದುಡ್ಡು ಕಳಿಸ್ತಿರಬೇಕಲ್ಲ? ಅದೂ ಸೇವೆಯೇ. ನಾನೂ ದೂರದೂರಲ್ಲಿದ್ದು ನಮ್ಮ ತಂದೆಯನ್ನ ನೋಡ್ಕೊಂಡವನು.

ವಿಜಯನಗರ: ನೋಡ್ಕೊಂಡವರು ನೀವಲ್ಲ ಬಿಡಿ. ಮನೇಲಿದ್ದ ಹೆಣ್ಣುಮಗಳು ಯಾರೋ ಇರ್ತಾರೆ.

ಸರಸ್ವತಿಪುರಂ: ವೈಯಕ್ತಿಕವಾಗಿ ಮಾತಾಡಬೇಡಿ.

ಮೇಟಗಳ್ಳಿ: ಜಗಳ ಆಮೇಲೆ ಆಡ್ರಪ್ಪ. ಹೂಟಗಳ್ಳಿಯವರೇ, ಕಂಟ್ರಾಕ್ಟ್ ಆದ್ರೂ ಸಂಬಳದಲ್ಲಿ ಕಾರ್ಮಿಕರ ವಿಮೆ ಅಂತ ಇಎಸ್‌ಐ ಹಿಡೀತಾರಾ? ಹಿಡಿದ್ರೆ, ನಿಮ್ಮನ್ನೇ ನಂಬಿರೋ ತಾಯಿಗೂ ಚಿಕಿತ್ಸೆ ಸಿಗುತ್ತೆ. ಹೆಸರು ಸೇರಿಸಿರಬೇಕು. ಕೆಆರ್‌ಎಸ್ ರಸ್ತೆಯಲ್ಲೇ ಆಸ್ಪತ್ರೆ.

ಬನ್ನೂರು: ಅಪ್ಪ ಸ್ಟ್ರೋಕ್ ಆದಮೇಲೆ ನೀರು ಕುಡಿದರೆ ಕೆಮ್ಮುತ್ತಾರೆ. ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತೆ ಅಂತ ಮಲಗಿಸಿಕೊಂಡೇ ಹಾಲು ಹಾಕ್ತೀನಿ.

ಡಾಕ್ಟರ್: ಮಲಗಿಸಿ ಏನನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತೆ. ನೆಟ್ಟಗೆ ಕೂರಿಸಿ, ತಿಂದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಬಸ್ ತಪ್ಪಿದರೆ ತಪ್ಪಲಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ಜೊತೆ ನುಂಗೋ ತೊಂದರೆನೂ ನೋಡ್ತಾರೆ. ತೆಳು ನೀರು ಕೊಡೋದಾ, ಅಂಬಲಿ ಥರ ಗಟ್ಟಿಯಾಗಿರೋದಾ ಅಂತ ಅವರು ಪರೀಕ್ಷೆ ಮಾಡಿ ಹೇಳಲಿ.

ಪಾಂಡವಪುರ: (ಫಾರ್ವರ್ಡ್) ನೆನಪಿನ ಶಕ್ತಿಗೆ ಬೆಳ್ಳುಳ್ಳಿ-ನಿಂಬೆ ಕಷಾಯ, 21 ದಿನದಲ್ಲಿ ಮರೆವು ಮಾಯ!

ಡಾಕ್ಟರ್: ನೀವು ಮೇಲಿನದ್ದು ಓದಿದ್ರಾ?

ಪಾಂಡವಪುರ: ಆಯುರ್ವೇದ ಅಂದ್ರೆ ನಿಮಗ್ಯಾಕೆ ಅಷ್ಟು ಉರಿ?

ಡಾಕ್ಟರ್: ಇದನ್ನ ಆಯುರ್ವೇದ ಅಂದ್ರೆ ಆಯುರ್ವೇದ ಓದಿದವರಿಗೆ ಉರಿಯುತ್ತೆ. ಕಷಾಯ ಕುಡಿಸ್ತಾ 21 ದಿನ ಕಾದಿದ್ದರೆ ಆ ಹುಡುಗನ ತಾಯಿ ಇರ್ತಿದ್ರಾ?

ಮಂಡ್ಯ ಟೀಚರ್: ಮೇಡಂ, ಇನ್ನೊಂದು. ರಾತ್ರಿ ಮಾವನವರು ಮಲಗಿದ್ರೂ ನನಗೇ ನಿದ್ದೆ ಬರ್ತಿಲ್ಲ. ಕ್ಲಾಸಲ್ಲಿ ಮಕ್ಕಳ ಮೇಲೆ ರೇಗ್ತೀನಿ. ಇದಕ್ಕೆ ಯಾರನ್ನ ನೋಡಬೇಕು?

ಕುವೆಂಪುನಗರ: ಏರ್ ಬೆಡ್ ಯಾವ ಕಂಪನಿದು ಒಳ್ಳೇದು?

ಡಾಕ್ಟರ್: ಕಂಪನಿ ಹೇಳಲ್ಲ. ಏಳಾಯ್ತು, ಹೊರಟೆ.

ಅಡ್ಮಿನ್: ಪಾಂಡವಪುರದವರನ್ನ ಒಂದು ವಾರ ತೆಗೆದಿದ್ದೀನಿ. ಉಳಿದವರೂ ಸ್ವಲ್ಪ ನೋಡ್ಕೊಂಡು ಬರೀರಿ.

ಹೂಟಗಳ್ಳಿ ಶಿಫ್ಟ್: (ರಾತ್ರಿ 11:20) ಡಾಕ್ಟ್ರೇ, ಸೋಡಿಯಂ 116 ಅಂತೆ. ಅಡ್ಮಿಟ್ ಮಾಡ್ಕೊಂಡ್ರು. ಕಂಟ್ರಾಕ್ಟರ್ ಫೋನ್ ಎತ್ತುತಿಲ್ಲ.

ಡಾಕ್ಟರ್: ಸರಿಯಾದ ಹೊತ್ತಿಗೆ ಹೋದ್ರಿ. ನಿಧಾನಕ್ಕೆ ಏರಿಸ್ತಾರೆ, ಒಂದೇ ದಿನದಲ್ಲಿ ಸರಿಹೋಗಲಿ ಅಂತ ಅವಸರ ಮಾಡಬೇಡಿ. ರೋಗಿ ಜೊತೆ ಇದ್ದೆ ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ, ಕೆಲಸದ ಕಡೆ ತೋರಿಸೋಕೆ. ಸೋಡಿಯಂ ಇಳಿಸಿದ ಮಾತ್ರೆ ಯಾವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲೂ ಬರೆಸಿ, ಮುಂದೆ ಬೇರೆ ಯಾರೂ ಅದನ್ನೇ ಮತ್ತೆ ಬರೆದುಕೊಡಬಾರದು.

ಹೂಟಗಳ್ಳಿ ಶಿಫ್ಟ್: ಬರೆಸ್ತೀನಿ. ಅವ್ವ ಇನ್ನೂ ಗದ್ದೆಗೆ ನೀರು ತಿರುಗಿಸಿದ್ಯೇನ್ಲಾ ಅಂತ ಕೇಳ್ತಾನೇ ಅವ್ರೆ.

ಡಾಕ್ಟರ್: ತಿರುಗಿಸ್ದೆ ಕಣವ್ವ ಅನ್ನಿ.